ದಿನಕ್ಕೊಂದು ಗಿಡ, ಹೆಸರಿಲ್ಲದ ಕೈ

ಚಳಿಗಾಲದ ರಜೆ ನಮ್ಮ ಕಾಲೇಜುಗಳಿಗೆ ಇಂಗ್ಲಿಷರ ಕಾಲದಿಂದ ಬಂದ ಬಳುವಳಿ. ಕ್ರಿಸ್‌ಮಸ್ಸಿಗೆ ತರಗತಿಯ ಬಾಗಿಲು ಮುಚ್ಚಿ ಹೊಸ ವರ್ಷಕ್ಕೆ ತೆರೆಯುವುದು ಅವರ ಲೆಕ್ಕ. ನಮ್ಮ ಹೊಳಲೂರಿನ ಕಡೆ ಆ ದಿನಗಳ ಲೆಕ್ಕವೇ ಬೇರೆ. ಗದ್ದೆಯಲ್ಲಿ ಭತ್ತದ ಕೆಲಸ ಮುಗಿದಿರುವುದಿಲ್ಲ, ತೋಟದಲ್ಲಿ ಅಡಿಕೆ ಕೊನೆ ಇಳಿಯುತ್ತಿರುತ್ತದೆ, ರಾತ್ರಿಯೆಲ್ಲ ಸುಲಿಯುವವರ ಮಾತು ನಡೆದಿರುತ್ತದೆ. ರಜೆಗೆಂದು ಊರಿಗೆ ಬಂದ ವಿದ್ಯಾರ್ಥಿ ಪುಸ್ತಕ ಕೆಳಗಿಟ್ಟು ಮೆಟ್ಟುಗತ್ತಿಯ ಮುಂದೆ ಕೂರುತ್ತಾನೆ.

ಅತ್ತ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಆವರಣ ಬಿಕೋ ಎನ್ನುತ್ತದೆ. 1987ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದ ಆವರಣಕ್ಕೆ ಜ್ಞಾನ ಸಹ್ಯಾದ್ರಿ ಎಂದು ಹೆಸರು. ಹೆಸರಿಗೆ ತಕ್ಕಂತೆ ಹತ್ತಿರದಲ್ಲೇ ಭದ್ರೆಯ ಕಾಡಿದೆ. ಜನ ಕಡಿಮೆಯಾದ ಮೇಲೆ ಇಲ್ಲಿ ಮರಗಿಡಗಳು ಎದ್ದು ಕಾಣತೊಡಗುತ್ತವೆ. ಹಾಗೆ ಕಂಡಾಗಲೆಲ್ಲ ನನಗೆ ನೆನಪಾಗುವುದು 1845ರ ಶಿವಮೊಗ್ಗ.

ಆಗ ಮೈಸೂರು ರಾಜ್ಯ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿತ್ತು. ಶಿವಮೊಗ್ಗ ನಗರ ವಿಭಾಗಕ್ಕೆ ಸೇರಿದ ಊರು. ಅಲ್ಲಿಗೆ ವೈದ್ಯನಾಗಿ ಬಂದವನು ಹ್ಯೂ ಕ್ಲೆಗ್‌ಹಾರ್ನ್. 1820ರಲ್ಲಿ ಮದರಾಸಿನಲ್ಲಿ ಹುಟ್ಟಿ, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, ಕಂಪನಿಯ ನೌಕರಿಗೆ ಮರಳಿದ್ದ ತರುಣ. ಆ ಕಾಲದ ವೈದ್ಯರಿಗೆ ಸಸ್ಯಶಾಸ್ತ್ರ ಕಡ್ಡಾಯ ಪಾಠ, ಏಕೆಂದರೆ ಔಷಧದ ಬಹುಪಾಲು ಬರುತ್ತಿದ್ದುದೇ ಗಿಡಗಳಿಂದ. ದಿನಕ್ಕೆ ಒಂದು ಗಿಡವನ್ನು ಕಾಲು ಗಂಟೆ ಕೂತು ನೋಡು ಎಂಬುದು ಪ್ರಸಿದ್ಧ ಸಸ್ಯಶಾಸ್ತ್ರಜ್ಞ ವಿಲಿಯಂ ಹುಕರ್ ಅವನಿಗೆ ಕೊಟ್ಟಿದ್ದ ಸಲಹೆ. ಕ್ಲೆಗ್‌ಹಾರ್ನ್ ಅದನ್ನು ಅಕ್ಷರಶಃ ಪಾಲಿಸಿದ. ಒಬ್ಬ ಮರಾಠಿ ಚಿತ್ರಕಾರನನ್ನು ಗೊತ್ತುಮಾಡಿಕೊಂಡು ದಿನಕ್ಕೊಂದು ಗಿಡದ ಚಿತ್ರ ಬರೆಸಿದ.

ಗಿಡವನ್ನೇ ಒಣಗಿಸಿ ಹಾಳೆಗೆ ಅಂಟಿಸಿದರೆ ಸಾಲದೇ? ಸಾಲದು. ಒಣಗಿದ ಹೂವಿನ ಬಣ್ಣ ಉಳಿಯುವುದಿಲ್ಲ, ದಪ್ಪ ದಳಗಳು ಚಪ್ಪಟೆಯಾಗುತ್ತವೆ. ಮೇಲಾಗಿ ಮಲೆನಾಡಿನ ಮಳೆಗಾಲದಲ್ಲಿ ಕಾಗದಕ್ಕೂ ಗಿಡಕ್ಕೂ ಒಟ್ಟಿಗೇ ಬೂಷ್ಟು ಹಿಡಿಯುತ್ತದೆ. ಚಿತ್ರ ಬರೆಯುವವನ ಕೆಲಸವೂ ಬರೀ ಅಂದದ ಕೆಲಸವಲ್ಲ. ಎಲೆಗಳು ಎದುರುಬದುರಾಗಿವೆಯೋ, ಒಂದು ಬಿಟ್ಟು ಒಂದು ಹುಟ್ಟಿವೆಯೋ? ಕೇಸರಗಳು ಎಷ್ಟು? ಎಲ್ಲಿಂದ ಎದ್ದಿವೆ? ಕುಂಚ ಹಾಳೆಗೆ ತಾಗುವ ಮೊದಲು ಕಣ್ಣು ಇಷ್ಟನ್ನೂ ತೀರ್ಮಾನಿಸಬೇಕು. ಅಂದರೆ ಆ ಚಿತ್ರಕಾರ ದಿನವೂ ಮಾಡುತ್ತಿದ್ದುದು ಸಸ್ಯಶಾಸ್ತ್ರವನ್ನೇ.

ಶಿವಮೊಗ್ಗದ ಸುತ್ತಲಿನ ಆ ಚಿತ್ರಗಳು ಇಂದು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಹೆನ್ರಿ ನೋಲ್ಟಿ ಅವುಗಳನ್ನು ಅಧ್ಯಯನ ಮಾಡಿ 2016ರಲ್ಲಿ ಪುಸ್ತಕ ತಂದರು. ನಮ್ಮ ಗದ್ದೆ ಬದುವಿನ ಗಿಡಗಳು ಅಷ್ಟು ದೂರ ಹೋಗಿ ಜೋಪಾನವಾಗಿವೆ. ಬರೆದವನ ಹೆಸರು ಮಾತ್ರ ಯಾವ ಹಾಳೆಯ ಜೊತೆಗೂ ಹೋಗಲಿಲ್ಲ. ಮರಾಠಿ ಕಲಾವಿದ ಎಂಬಷ್ಟೇ ಅವನ ಗುರುತು.

ಎಲ್ಲ ಚಿತ್ರಕಾರರಿಗೂ ಹೀಗೇ ಆಯಿತು ಎನ್ನುವಂತಿಲ್ಲ. ಮದರಾಸಿನ ಕಡೆ ಕೆಲಸ ಮಾಡಿದ ರಾಬರ್ಟ್ ವೈಟ್ ತನ್ನ ಚಿತ್ರಕಾರರಾದ ರಂಗಯ್ಯ ಮತ್ತು ಗೋವಿಂದು ಇಬ್ಬರ ಹೆಸರನ್ನೂ ಅಚ್ಚಿನಲ್ಲಿ ಉಳಿಸಿದ. ಗೋವಿಂದುವಿನ ಹೆಸರಲ್ಲಿ ಒಂದು ಸೀತಾಳೆ ಕುಲಕ್ಕೆ ಗೋವಿಂದೂಯಿಯಾ ಎಂದು ನಾಮಕರಣವನ್ನೂ ಮಾಡಿದ. ಕ್ಲೆಗ್‌ಹಾರ್ನ್‌ನ ಹೆಸರಿಗೂ ಕ್ಲೆಗ್‌ಹಾರ್ನಿಯಾ ಎಂಬ ಕುಲವನ್ನು ಕೊಟ್ಟವನು ಇದೇ ವೈಟ್. ಮುಂದಿನ ಕಥೆ ಹೀಗಿದೆ: ಕ್ಲೆಗ್‌ಹಾರ್ನಿಯಾ ಇಂದಿಗೂ ಚಾಲ್ತಿಯಲ್ಲಿದೆ, ಗೋವಿಂದೂಯಿಯಾ ಬೇರೊಂದು ಕುಲದಲ್ಲಿ ಲೀನವಾಗಿದೆ. ಶಿವಮೊಗ್ಗದವನಿಗೆ ಕಳೆದುಕೊಳ್ಳಲು ಹೆಸರೇ ಇರಲಿಲ್ಲ.

ಕ್ಲೆಗ್‌ಹಾರ್ನ್ ಮುಂದೆ ದೊಡ್ಡವನಾದ. ಉಷ್ಣವಲಯದ ಕಾಡುಗಳ ನಾಶದ ಪರಿಣಾಮ ಕುರಿತು 1851ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಮುಂದೆ ಬಂದ ವರದಿಯಲ್ಲಿ ಅವನ ಪಾಲಿತ್ತು. 1856ರಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ. ಕಾಡು ಉಳಿಯಬೇಕೆಂದ ಅವನು ಕುಮರಿ ಬೇಸಾಯವನ್ನು ಕಾಡಿನ ಶತ್ರುವೆಂದು ಎಣಿಸಿದ. ಕುಮರಿ ಕಡಿದು ರಾಗಿ ಬೆಳೆದು ಬದುಕುತ್ತಿದ್ದವರ ಮಾತು ಆ ಲೆಕ್ಕದಲ್ಲಿ ಹಗುರವಾಯಿತು. ಗಿಡವನ್ನು ಅಷ್ಟು ಹತ್ತಿರದಿಂದ ನೋಡಿದ ಕಣ್ಣಿಗೆ ಗಿಡದ ಪಕ್ಕದ ಮನುಷ್ಯ ಮಸುಕಾಗಿ ಕಂಡನೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಚಿತ್ರಕಾರನ ಹೆಸರು ಉಳಿಯದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂದೇ ನನಗನಿಸುತ್ತದೆ.

ಕನ್ನಡದಲ್ಲಿ ಈ ಕಥೆಗೊಂದು ಒಳ್ಳೆಯ ತಿರುವಿದೆ. ಅದೇ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟ ಸುತ್ತಿದರು. ಆ ಅನುಭವ 1976ರಲ್ಲಿ ‘ಹಸುರು ಹೊನ್ನು’ ಆಯಿತು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದರ ಚಿತ್ರಗಳು ಸ್ವಾಮಿಯವರವೇ. ನೋಡಿದವನು, ಬರೆದವನು, ಚಿತ್ರಿಸಿದವನು ಒಬ್ಬನೇ. ಜೊತೆಗೆ ಅಲ್ಲಿ ಹುಡುಗರ ತರಲೆಯಿದೆ, ದಾರಿಯ ಜನರ ಮಾತಿದೆ. ಗಿಡ ಮನುಷ್ಯರ ನಡುವೆಯೇ ನಿಂತಿದೆ.

ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಒಂದು ಹೂವಿನ ಹತ್ತು ಫೋಟೊ ಅರ್ಧ ನಿಮಿಷದ ಕೆಲಸ. ಆದರೆ ಎಲೆ ಎದುರುಬದುರೋ ಅಲ್ಲವೋ ಎಂದು ಫೋಟೊ ನಮ್ಮನ್ನು ಕೇಳುವುದಿಲ್ಲ, ಪೆನ್ಸಿಲ್ಲು ಕೇಳುತ್ತದೆ. ರಜೆಯಲ್ಲಿ ಆವರಣದಲ್ಲೇ ಉಳಿದವರಿಗೂ ಅಡಿಕೆ ಸುಲಿಯಲು ಊರಿಗೆ ಹೋದವರಿಗೂ ಕಾಲು ಗಂಟೆ ದೊಡ್ಡ ಹೊತ್ತಲ್ಲ. ಬೇಲಿಯ ಡಿಸೆಂಬರ್ ಹೂ ಆದರೂ ಆದೀತು, ಕಾಲಡಿಯ ತುಂಬೆ ಆದರೂ ಆದೀತು.

ಬರೆದಾದ ಮೇಲೆ ಹಾಳೆಯ ಮೂಲೆಯಲ್ಲಿ ತಾರೀಕು ಹಾಕಿ, ನಿಮ್ಮ ಹೆಸರು ಬರೆಯಿರಿ. ಆ ಗಿಡವನ್ನು ಊರಲ್ಲಿ ಏನೆಂದು ಕರೆಯುತ್ತಾರೆಂದು ಹೇಳಿಕೊಟ್ಟ ಅಜ್ಜಿಯದೋ ಕೂಲಿಗೆ ಬಂದವರದೋ ಹೆಸರನ್ನೂ ಅದರ ಕೆಳಗೇ ಬರೆಯಿರಿ.