ಬೇಸಿಗೆ ರಜೆ ಮತ್ತು ಒತ್ತಕ್ಷರ: ಹೊಸೂರು ಸೀಮೆಯ ಕನ್ನಡ ಓದು

ರಜೆಯಲ್ಲಿ ಮಕ್ಕಳ ಓದು ಹಿಂದೆ ಬೀಳುತ್ತದೆಯೇ ಎಂಬ ಚರ್ಚೆ ಹಳೆಯದು. ಅಮೆರಿಕದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ, ಬೇಸಿಗೆಯಲ್ಲಿ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ನಷ್ಟವಾಗುತ್ತದೆ ಎಂದರು. ಓದಿನಲ್ಲಿ ಬಡಮನೆಯ ಮಕ್ಕಳಿಗೇ ಪೆಟ್ಟು ಹೆಚ್ಚು. ಇದರಲ್ಲಿ ಒಂದು ಪಾಲು ಪರೀಕ್ಷೆಗಳ ಅಳತೆಯಿಂದಲೇ ಹುಟ್ಟಿದ್ದು ಎಂಬ ಆಕ್ಷೇಪವನ್ನು ಸಂಶೋಧಕ ಪಾಲ್ ವಾನ್ ಹಿಪೆಲ್ ಈಚೆಗೆ ಎತ್ತಿದ್ದಾರೆ. ಈ ವಾದ ನಡೆದಿರುವುದು ಶಾಲೆಯ ಲಿಪಿಯೇ ಬೀದಿಯಲ್ಲೂ ಕಾಣುವ ಊರುಗಳನ್ನು ಕುರಿತು. ಹೊಸೂರಿನ ಸಂಗತಿ ಬೇರೆ.

1956ರ ರಾಜ್ಯ ಪುನರ್ವಿಂಗಡಣೆಯ ನಂತರವೂ ಮದ್ರಾಸ್ ರಾಜ್ಯದಲ್ಲೇ (ಇಂದಿನ ತಮಿಳುನಾಡು) ಉಳಿದ ಈ ಗಡಿ ತಾಲ್ಲೂಕು ಸೇಲಂನಿಂದ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ತಳಿ, ಡೆಂಕಣಿಕೋಟೆಯ ಸಂತೆಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಸುತ್ತವೆ. ಹಾಗಾಗಿ ರಜೆಯಲ್ಲಿ ಮಾತಿಗೆ ಕುಂದಿಲ್ಲ. ಕಾಣೆಯಾಗುವುದು ಕನ್ನಡದ ಅಚ್ಚು. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ರೇಷನ್ ಕಾರ್ಡು ಬಹುಮಟ್ಟಿಗೆ ತಮಿಳಿನವು. 2006ರ ತಮಿಳು ಕಲಿಕಾ ಕಾಯ್ದೆಯ ಪ್ರಕಾರ ಕನ್ನಡ ಶಾಲೆಯ ಮಗುವೂ ತಮಿಳು ಕಲಿಯಬೇಕು. ನೆರೆಭಾಷೆ ಬರುವುದು ಲಾಭವೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬೇಸಿಗೆಯಿಡೀ ಅದಕ್ಕೊಂದಕ್ಕೇ ತಾಲೀಮು ಸಿಗುತ್ತದೆ.

ಲಿಪಿಯೊಳಕ್ಕೆ ಇಳಿದರೆ ತೊಡಕು ಸ್ಪಷ್ಟವಾಗುತ್ತದೆ. ತಮಿಳಿನಲ್ಲಿ ‘ಕ’ಕಾರಕ್ಕೂ ‘ಗ’ಕಾರಕ್ಕೂ ಒಂದೇ ಅಕ್ಷರ, ಮಹಾಪ್ರಾಣವಿಲ್ಲ. ವ್ಯಂಜನಗಳು ಕೂಡಿದಾಗ ಮೊದಲನೆಯದರ ತಲೆಯ ಮೇಲೆ ಪುಳ್ಳಿ (ಚುಕ್ಕೆ) ಇಟ್ಟು ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ಕನ್ನಡದಲ್ಲಿ ಎರಡನೆಯದು ರೂಪ ಬದಲಿಸಿ ಕೆಳಗಿಳಿಯುತ್ತದೆ. ‘ಸಂಸ್ಕೃತಿ’ಯ ಎರಡನೇ ಅಕ್ಷರದಲ್ಲಿ ಸಕಾರ, ಅದರಡಿ ಕಕಾರದ ಒತ್ತು, ಪಕ್ಕದಲ್ಲಿ ವಟ್ರಸುಳಿ: ಮೂರನ್ನೂ ಒಂದೇ ನೋಟಕ್ಕೆ ಹಿಡಿಯಬೇಕು. ಸೊನಾಲಿ ನಾಗ್ ಅವರ ಕನ್ನಡ ಓದಿನ ಅಧ್ಯಯನ (2007) ತೋರಿಸಿದಂತೆ ಅಕ್ಷರಜ್ಞಾನ ಪಳಗಲು ನಾಲ್ಕನೇ ತರಗತಿಯೂ ಸಾಲದು. ಅರ್ಧ ಪಳಗಿದ ಒತ್ತಕ್ಷರವೇ ರಜೆಯಲ್ಲಿ ಮೊದಲು ಜಾರುವುದು ಎಂಬುದು ನನ್ನ ಊಹೆ. ಪರೀಕ್ಷಿಸಿ ನೋಡಲು ಈ ಗಡಿಗಿಂತ ತಕ್ಕ ಜಾಗ ಇನ್ನೊಂದಿಲ್ಲ.

ಹಾಗೆಂದು ಕಾಪಿ ಬರೆಸುವುದು ಮದ್ದಲ್ಲ. ರಿಚರ್ಡ್ ಆಲಿಂಗ್ಟನ್ ತಂಡ ಫ್ಲಾರಿಡಾದ ಬಡಮಕ್ಕಳಿಗೆ ಸತತ ಮೂರು ಬೇಸಿಗೆ, ಪ್ರತಿ ಸಲ ಅವರೇ ಆರಿಸಿದ 12 ಪುಸ್ತಕಗಳನ್ನು ಕೊಟ್ಟಿತು. ಪುಸ್ತಕ ಸಿಕ್ಕವರ ಓದು ಸಿಗದವರಿಗಿಂತ ಮುಂದಿತ್ತು ಎಂದು 2010ರಲ್ಲಿ ವರದಿ ಮಾಡಿತು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತ. ಒತ್ತಕ್ಷರ ಎಷ್ಟಿವೆ ಎಂದು ನೋಡಿ ಹಂತಹಂತವಾಗಿ ಆರಿಸುವ ಕೆಲಸ ಮೇಷ್ಟರದು.

ಪುಸ್ತಕ ಮಕ್ಕಳ ಕೈಗೆ ತಲುಪಲು ದಾರಿಯೂ ಇದೆ. ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1948ರದು, ಸ್ವತಂತ್ರ ಭಾರತದಲ್ಲಿ ಇಂಥದ್ದು ಮೊದಲು. ಅದರಡಿ ನಡೆಯುವ ಹೊಸೂರು, ತಳಿ ಭಾಗದ ಶಾಖಾ ಗ್ರಂಥಾಲಯಗಳು ಏಪ್ರಿಲ್ ಮುಗಿಯುವ ಮುನ್ನ ಕನ್ನಡ ಮಕ್ಕಳ ಪುಸ್ತಕಗಳಿಗೆ ಒಂದು ಕಪಾಟು ಮೀಸಲಿಡಲಿ. ಬೆಂಗಳೂರಿನ ಪ್ರಕಾಶಕರು ನಲವತ್ತು ಕಿಲೋಮೀಟರ್ ದಾಟಿ ಅದನ್ನು ತುಂಬಿಸಲಿ.