ಇಂಗ್ಲೆಂಡಿನ ಗ್ರಾಮದ ಮೌನ: ಲ್ಯಾಕ್ಸ್‌ಟನ್ನಿನ ಬಯಲುಹೊಲಗಳನ್ನು ಕುರಿತು

ನಮ್ಮ ಕಾಲೇಜುಗಳಲ್ಲಿ ಆಂಗ್ಲ ಸಾಹಿತ್ಯವನ್ನು ಅಭ್ಯಾಸಮಾಡಿದವರ ಮನಸ್ಸಿನಲ್ಲಿ ಇಂಗ್ಲೆಂಡಿನ ಹಳ್ಳಿಯ ಒಂದು ಚಿತ್ರ ನೆಲೆನಿಂತಿರುತ್ತದೆ. ಹಸುರು ಬೇಲಿಗಳ ನಡುವಣ ಕಿರುದಾರಿ, ಕಲ್ಲಿನ ಇಗರ್ಜಿ, ಅದರ ಮಗ್ಗುಲ ಸಮಾಧಿಗಳು, ದೂರದಲ್ಲಿ ಮೇಯುವ ಕುರಿಗಳು; ಎಲ್ಲಕ್ಕೂ ಮಿಗಿಲಾಗಿ, ಕಾಲವೇ ಅಲ್ಲಿ ವಿಶ್ರಮಿಸುತ್ತಿದೆಯೋ ಎಂಬಂತಹ ಮೌನ. 1751ರಲ್ಲಿ ಪ್ರಕಟವಾದ ಥಾಮಸ್ ಗ್ರೇಯ ಶೋಕಗೀತೆಯನ್ನು ಓದಿದವರಿಗೆ ಇದು ಚಿರಪರಿಚಿತ. ಈ ಮೌನವು ಆ ನಾಡಿನ ಗ್ರಾಮಜೀವನಕ್ಕೆ ಸಹಜವಾದುದೆಂದೂ ಅನಾದಿಯಾದುದೆಂದೂ ಭಾವಿಸುವುದು ವಾಡಿಕೆ. ಆದರೆ ಆ ಮೌನಕ್ಕೂ ಒಂದು ಚರಿತ್ರೆಯುಂಟು. ಅದರ ಬಹುಭಾಗ ಈಚಿನದು, ಮತ್ತು ಅದನ್ನು ತಂದದ್ದು ಶಾಸನದ ಬಲವೆಂಬುದು ನಮ್ಮ ಅಭಿಪ್ರಾಯ. ಇದನ್ನು ಪರೀಕ್ಷಿಸಲು ನಾಟಿಂಗ್‌ಹ್ಯಾಮ್‌ಷೈರಿನ ಲ್ಯಾಕ್ಸ್‌ಟನ್ ಎಂಬ ಗ್ರಾಮಕ್ಕಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ.

ಲ್ಯಾಕ್ಸ್‌ಟನ್ನಿನ ಹೆಸರು 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಬರುತ್ತದೆ. ಊರಿನ ಉತ್ತರಕ್ಕೆ ನಾರ್ಮನ್ ಕೋಟೆಯೊಂದರ ಮಣ್ಣಿನ ದಿಬ್ಬ ಇಂದಿಗೂ ಇದೆ. ಆದರೆ ಚರಿತ್ರಕಾರರನ್ನು ಅಲ್ಲಿಗೆ ಸೆಳೆದುದು ಕೋಟೆಯಲ್ಲ, ಹೊಲಗಳು. 1635ರಲ್ಲಿ ಆ ಗ್ರಾಮವನ್ನು ಕೊಂಡಿದ್ದ ಸರ್ ವಿಲಿಯಂ ಕೋರ್ಟೀನನಿಗಾಗಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರನು ಸಮಗ್ರ ಅಳತೆಮಾಡಿ ನಕ್ಷೆಯೊಂದನ್ನು ರಚಿಸಿದನು. ಒಬ್ಬೊಬ್ಬ ಒಕ್ಕಲಿನ ಒಂದೊಂದು ಪಟ್ಟೆಯೂ ಅದರಲ್ಲಿ ಗುರುತಾಗಿದೆ; ಉಳುವವರೂ ಕೊಯ್ಯುವವರೂ ಪುಟ್ಟ ಚಿತ್ರಗಳಾಗಿ ಮೂಡಿದ್ದಾರೆ. ಆ ನಕ್ಷೆಯನ್ನು ಹಿಡಿದು ಹೊಲಗಳಲ್ಲಿ ನಡೆದರೆ ಹಳೆಯ ವ್ಯವಸಾಯಪದ್ಧತಿಯ ರೂಪರೇಖೆಗಳನ್ನು ಇಂದಿಗೂ ಗುರುತಿಸಬಹುದು. ಆರ್ವಿನ್ ದಂಪತಿಗಳು 1938ರಲ್ಲಿ ಬಯಲುಹೊಲಗಳನ್ನು ಕುರಿತು ಪ್ರಕಟಿಸಿದ ಪ್ರಸಿದ್ಧ ಗ್ರಂಥಕ್ಕೆ ಇದೇ ಆಧಾರವಾಯಿತು.

ಈ ಪದ್ಧತಿಯ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಸಾಗುವಳಿಯ ಭೂಮಿ ಮೂರು ದೊಡ್ಡ ಬಯಲುಗಳಾಗಿ ಹಂಚಿಕೆಯಾಗಿದೆ. ಇವಕ್ಕೆ ಪಡುವಣ ಬಯಲು, ಗಿರಣಿಯ ಬಯಲು, ತೆಂಕಣ ಬಯಲು ಎಂದು ಹೆಸರು. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮೂರನೆಯದು ಬೀಳು. ಮೂರು ವರ್ಷಕ್ಕೊಮ್ಮೆ ಈ ಚಕ್ರ ಪೂರ್ತಿಯಾಗುತ್ತದೆ. ಒಬ್ಬ ರೈತನ ಭೂಮಿ ಒಂದೇ ಕಡೆ ಇರದೆ ಮೂರು ಬಯಲುಗಳಲ್ಲಿಯೂ ಪಟ್ಟೆಪಟ್ಟೆಯಾಗಿ ಚದರಿರುತ್ತದೆ. ಪಟ್ಟೆಗಳ ನಡುವೆ ಬೇಲಿಯಿಲ್ಲ. ಪೈರು ಕೊಯ್ದ ಮೇಲೆ ಕೂಳೆಯ ಮೇಲೆ ಎಲ್ಲರ ದನಕುರಿಗಳೂ ಒಟ್ಟಾಗಿ ಮೇಯುತ್ತಿದ್ದುದರಿಂದ, ತನ್ನ ಮನಸ್ಸಿಗೆ ಬಂದಾಗ ಬಿತ್ತುವ ಸ್ವಾತಂತ್ರ್ಯ ಯಾರಿಗೂ ಇರಲಿಲ್ಲ. ಹೊಲಗಳು ಹೀಗೆ ಹರಡಿದ್ದುದರಿಂದಲೇ ರೈತರ ಮನೆಗಳು ಊರಿನ ಬೀದಿಯಲ್ಲಿಯೇ ಒತ್ತಾಗಿ ನಿಂತವು. ನೆರೆಯವನೊಡನೆ ಮಾತುಬಿಟ್ಟು ಬೇಸಾಯಮಾಡುವುದು ಇಂತಹ ಊರಿನಲ್ಲಿ ಸಾಧ್ಯವಿರಲಿಲ್ಲ.

ಮಾತಿದ್ದ ಕಡೆ ಜಗಳವೂ ಇರುವುದು ಸಹಜ. ಅದರ ತೀರ್ಮಾನಕ್ಕಾಗಿಯೇ ಲ್ಯಾಕ್ಸ್‌ಟನ್ನಿನಲ್ಲಿ ‘ಕೋರ್ಟ್ ಲೀಟ್’ ಎಂಬ ಗ್ರಾಮನ್ಯಾಯಸಭೆ ಉಳಿದುಬಂದಿದೆ. ವರ್ಷದ ಕೊನೆಯ ಭಾಗದಲ್ಲಿ ಒಂದು ದಿನ ಪಂಚರು ಗೋಧಿ ಬಿತ್ತಿದ ಬಯಲನ್ನು ನಡೆದು ಪರೀಕ್ಷಿಸುತ್ತಾರೆ. ಯಾರ ನೇಗಿಲು ದಾರಿಯನ್ನು ಒತ್ತಿದೆ, ಯಾರು ಸಾಮೂಹಿಕ ಹುಲ್ಲುಪಟ್ಟಿಯ ಅಂಚನ್ನು ಕೊರೆದಿದ್ದಾರೆ, ಯಾರು ಬಚ್ಚಲುಗಾಲುವೆಯನ್ನು ಶುದ್ಧಿಮಾಡಿಲ್ಲ ಎಂಬುದನ್ನು ಗುರುತಿಸಿ, ಎಲ್ಲೆ ತಪ್ಪಿದಲ್ಲಿ ಗೂಟ ಹೊಡೆಯುತ್ತಾರೆ. ಸುಮಾರು ಒಂದು ವಾರದ ಮೇಲೆ ಊರಿನ ಡವ್‌ಕೋಟ್ ಎಂಬ ಪಾನಗೃಹದಲ್ಲಿ ಸಭೆ ಸೇರುತ್ತದೆ. ತಪ್ಪಿತಸ್ಥರಿಗೆ ದಂಡ ವಿಧಿಸಿ, ಮುಂದಿನ ವರ್ಷದ ಪಂಚರನ್ನು ನೇಮಿಸುತ್ತದೆ. ದಂಡದ ಮೊತ್ತ ಅಲ್ಪ. ಆದರೆ ನೆರೆಹೊರೆಯವರ ಎದುರಿನಲ್ಲಿ ಹೆಸರು ಕೂಗಿಸಿಕೊಳ್ಳುವುದು ಅಲ್ಪವಲ್ಲವೆಂಬುದನ್ನು ಹಳ್ಳಿಯಲ್ಲಿ ಬಾಳಿದ ಯಾರಿಗೂ ವಿವರಿಸಬೇಕಾಗಿಲ್ಲ.

ಹಿಂದೆ ಮಧ್ಯ ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಹುಪಾಲು ಈ ಬಗೆಯವಾಗಿದ್ದುವು. ಅವನ್ನು ಅಳಿಸಿದುದು ಆವರಣ, ಎಂದರೆ ಸಾಮೂಹಿಕ ಹಕ್ಕುಗಳನ್ನು ರದ್ದುಮಾಡಿ ಭೂಮಿಯನ್ನು ಒಬ್ಬೊಬ್ಬರಿಗೆ ಒಟ್ಟುಗೂಡಿಸಿಕೊಟ್ಟು ಬೇಲಿ ಹಾಕುವುದು. 1604ರಿಂದ 1914ರವರೆಗೆ ಪಾರ್ಲಿಮೆಂಟು ಇದಕ್ಕಾಗಿ 5,200ಕ್ಕೂ ಹೆಚ್ಚು ಶಾಸನಗಳನ್ನು ಮಾಡಿತು. ಅವುಗಳಿಗೆ ಒಳಪಟ್ಟ ನೆಲ ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ವಿಸ್ತೀರ್ಣದ ಐದನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಕವಿಗಳು ಮೆಚ್ಚಿದ ಹಸುರು ಬೇಲಿಗಳಲ್ಲಿ ಎಷ್ಟೋ ಬೇಲಿಗಳು ಈ ಶಾಸನಗಳ ಫಲ. ರೈತರು ಬೀದಿಯ ಮನೆಗಳನ್ನು ಬಿಟ್ಟು ತಮ್ಮ ತಮ್ಮ ಹೊಲಗಳ ನಡುವೆ ಒಂಟಿಮನೆಗಳನ್ನು ಕಟ್ಟಿಕೊಂಡರು. ಹಸು ಮೇಯಿಸಲು, ಸೌದೆ ಆಯಲು ಎಡೆಯಿಲ್ಲದಾದ ಬಡವನು ಕೂಲಿಯನ್ನೇ ನಂಬಬೇಕಾಯಿತು. ನಾರ್ಥ್ಯಾಂಪ್ಟನ್‌ಷೈರಿಗೆ ಸೇರಿದ್ದ ಹೆಲ್ಪ್‌ಸ್ಟನ್ ಗ್ರಾಮದ ಆವರಣಶಾಸನ 1809ರದು. ಅಲ್ಲಿಯ ಕೂಲಿಕಾರನ ಮಗನಾದ ಕವಿ ಜಾನ್ ಕ್ಲೇರ್ (1793–1864) ತನ್ನ ಬಾಲ್ಯದ ಬಯಲು ಕಣ್ಮರೆಯಾದುದಕ್ಕಾಗಿ ಜೀವಮಾನವೆಲ್ಲ ಮರುಗಿದನು. ಹೊಟ್ಟೆಪಾಡಿಗಾಗಿ ಬೇಲಿ ನೆಡುವ ಕೆಲಸವನ್ನೂ ಅವನೇ ಮಾಡಬೇಕಾಯಿತೆಂಬುದು ಆ ಕಾಲದ ವಿಪರ್ಯಾಸ.

ಈ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. 1911ರಲ್ಲಿ ಹ್ಯಾಮಂಡ್ ದಂಪತಿಗಳು ಆವರಣವನ್ನು ಬಡವರ ಸುಲಿಗೆಯೆಂದು ಚಿತ್ರಿಸಿದರು. 1953ರಲ್ಲಿ ಜೆ. ಡಿ. ಚೇಂಬರ್ಸ್, ಆವರಣದಿಂದ ಹಳ್ಳಿಗಳು ಬರಿದಾಗಲಿಲ್ಲ, ಬೇಲಿ ಕಾಲುವೆಗಳ ಕೆಲಸದಿಂದ ಕೂಲಿಗೆ ಬೇಡಿಕೆ ಹೆಚ್ಚಿತು ಎಂದು ವಾದಿಸಿದರು. 1993ರಲ್ಲಿ ಜೆ. ಎಂ. ನೀಸನ್ ನಾರ್ಥ್ಯಾಂಪ್ಟನ್‌ಷೈರಿನ ದಾಖಲೆಗಳನ್ನು ಶೋಧಿಸಿ, ಸಾಮೂಹಿಕ ಹಕ್ಕುಗಳ ನಷ್ಟ ನಿಜವಾಗಿಯೂ ದೊಡ್ಡದೆಂದು ತೋರಿಸಿದರು. ಜನಸಂಖ್ಯೆಯ ಮಟ್ಟಿಗೆ ಚೇಂಬರ್ಸರ ವಾದವನ್ನು ನಾವು ಒಪ್ಪುತ್ತೇವೆ. ಆದರೆ ಅವರು ಎಣಿಸಿದ್ದು ತಲೆಗಳನ್ನು. ಊರಿನ ವ್ಯವಹಾರದಲ್ಲಿ ಬಾಯಿದ್ದವರು ಎಷ್ಟು ಮಂದಿ ಉಳಿದರೆಂಬುದು ಬೇರೆಯೇ ಲೆಕ್ಕ.

ಪ್ರಾಸಂಗಿಕವಾಗಿ ಒಂದು ಮಾತು. ಹೆಲ್ಪ್‌ಸ್ಟನ್ನಿನ ಶಾಸನವಾದ ಮರುವರ್ಷವೇ, 1810ರಲ್ಲಿ, ಮೈಸೂರಿನಲ್ಲಿ ರೆಸಿಡೆಂಟನ ಅಧಿಕಾರವನ್ನು ನಡೆಸಿದ್ದ ಮಾರ್ಕ್ ವಿಲ್ಕ್ಸ್ ತನ್ನ ದಕ್ಷಿಣಭಾರತ ಚರಿತ್ರೆಯ ಮೊದಲ ಸಂಪುಟವನ್ನು ಪ್ರಕಟಿಸಿ, ನಮ್ಮ ಗ್ರಾಮಗಳು ಒಂದೊಂದೂ ಪ್ರತ್ಯೇಕ ಗಣರಾಜ್ಯದಂತಿವೆಯೆಂದು ಬರೆದನು. ಇಲ್ಲಿಯ ಹಳ್ಳಿಗಳ ಒಗ್ಗಟ್ಟನ್ನು ಆಂಗ್ಲ ಅಧಿಕಾರಿಗಳು ಕಂಡು ಬೆರಗಾಗುತ್ತಿದ್ದ ಹೊತ್ತಿನಲ್ಲಿಯೇ ಅವರ ನಾಡಿನ ಹಳ್ಳಿಗಳ ಒಗ್ಗಟ್ಟು ಶಾಸನದಿಂದ ಶಾಸನಕ್ಕೆ ಕರಗುತ್ತಿದ್ದಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಯತ್ನವನ್ನು ಹೆನ್ರಿ ಮೇನ್ ಮಾಡಿದುದು 1871ರಲ್ಲಿ; ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ನೋಡಲು ಹೆಚ್ಚೇನೂ ಉಳಿದಿರಲಿಲ್ಲ.

ಲ್ಯಾಕ್ಸ್‌ಟನ್ ಉಳಿದುದು ಯಾರ ಆದರ್ಶದಿಂದಲೂ ಅಲ್ಲ. ಅಲ್ಲಿಯ ನೆಲ ಮ್ಯಾನ್ವರ್ಸ್ ಮತ್ತು ಸ್ಕಾರ್‌ಬರೊ ಎಂಬ ಎರಡು ಪ್ರಭುಮನೆತನಗಳಿಗೂ ಕೆಲವರು ಸಣ್ಣ ಒಡೆಯರಿಗೂ ಸೇರಿದ್ದು, ಅವರಲ್ಲಿ ಒಪ್ಪಂದ ಕೂಡಿಬರಲಿಲ್ಲ ಎಂಬುದೇ ನಮಗೆ ಪ್ರಬಲವಾಗಿ ತೋರುವ ಕಾರಣ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪಟ್ಟೆಗಳನ್ನು ಕೂಡಿಸಿ ಸಂಖ್ಯೆಯನ್ನು ಇಳಿಸಿದರು. ಬಯಲಾಗಿ ಉಳಿದಿರುವುದು ಐನೂರು ಎಕರೆಗಿಂತಲೂ ಕಡಮೆ. 1952ರಲ್ಲಿ ಮ್ಯಾನ್ವರ್ಸ್ ಪ್ರಭುವಿನಿಂದ ವ್ಯವಸಾಯದ ಮಂತ್ರಿಶಾಖೆ ಇದನ್ನು ಕೊಂಡಿತು. 1981ರಲ್ಲಿ ಇದು ಕ್ರೌನ್ ಎಸ್ಟೇಟಿನ ವಶವಾಯಿತು. 2020ರಲ್ಲಿ ಮ್ಯಾನ್ವರ್ಸ್ ಮನೆತನದ್ದಾಗಿದ್ದ ಥೋರ್ಸ್‌ಬಿ ಎಸ್ಟೇಟಿಗೆ ಮರಳಿತು. ಒಡೆತನ ಮೂರು ಸಲ ಕೈಬದಲಾಯಿಸಿದರೂ ನ್ಯಾಯಸಭೆ ನಿಲ್ಲಲಿಲ್ಲ. ಟ್ರ್ಯಾಕ್ಟರು ಉತ್ತ ನೆಲದಲ್ಲಿಯೂ ಪಂಚರು ಗೂಟಗಳನ್ನು ಹೊತ್ತು ನಡೆಯುತ್ತಾರೆ, ದಾರಿಯ ಅಗಲವನ್ನು ಅಳೆಯುತ್ತಾರೆ, ಒತ್ತಿದವನ ಹೆಸರನ್ನು ಬರೆದುಕೊಳ್ಳುತ್ತಾರೆ.