ಮರಳಿ ಬಂದವರನ್ನು ಬರಮಾಡಿಕೊಂಡ ಪ್ರೀತಿ

ನಮ್ಮ ಇಗರ್ಜಿಗೆ ನೂರು ವರ್ಷ ತುಂಬಿದ ಈ ಶುಭಾವಸರದಲ್ಲಿ ಕಟ್ಟಿದವರನ್ನೂ ದುಡಿದ ಗುರುಗಳನ್ನೂ ದಾನಿಗಳನ್ನೂ ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಥೋಲಿಕ ಕುಟುಂಬಗಳಿಗೆ ಇದಕ್ಕಿಂತ ಹಳೆಯದಾದ ಚರಿತ್ರೆಯೊಂದುಂಟು. ದೇವರು ಮನುಷ್ಯನನ್ನು ಅವನಿರುವಂತೆಯೇ ಪ್ರೀತಿಸಿ ಸ್ವೀಕರಿಸುತ್ತಾನೆಂಬುದು ನಮ್ಮ ಪೂರ್ವಜರಿಗೆ ಕೇವಲ ಬೋಧನೆಯಾಗಿರಲಿಲ್ಲ. ಬಾಳಿನ ಅನುಭವವಾಗಿತ್ತೆಂದು ಆ ಚರಿತ್ರೆ ಸಾರುತ್ತದೆ.

ಎರಡನೆಯ ಮೈಸೂರು ಯುದ್ಧದಲ್ಲಿ ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊತ್ತರು. 1784ರ ವಿಭೂತಿ ಬುಧವಾರದಂದು ಟಿಪ್ಪು ಸುಲ್ತಾನನ ಆಜ್ಞೆಯಂತೆ ಅವರ ಸೆರೆ ಆರಂಭವಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಗುರುಗಳನ್ನು ಗಡೀಪಾರು ಮಾಡಲಾಯಿತು. ಫರಂಗಿಪೇಟೆಯ ಮೊಂತೆ ಮರಿಯಾನೊ ಸೇರಿದಂತೆ ಹಲವು ದೇವಾಲಯಗಳು ನೆಲಸಮವಾದವು. ಮೂಡಬಿದಿರೆಯ ಹೊಸಪೇಟೆಯ ಪವಿತ್ರ ಶಿಲುಬೆಯ ಇಗರ್ಜಿ ಮಾತ್ರ ಜೈನಮತೀಯರಾದ ಚೌಟ ಅರಸರ ಸ್ನೇಹದಿಂದ ಉಳಿಯಿತೆಂಬುದು ಪ್ರತೀತಿ. ಪರಮತದವರ ಈ ಉಪಕಾರವನ್ನು ನಾವು ಎಂದಿಗೂ ಮರೆಯಲಾಗದು.

ಸೆರೆಯಾದವರು ಘಟ್ಟವೇರಿ ಶ್ರೀರಂಗಪಟ್ಟಣದ ಕಡೆಗೆ ನಡೆದರು. ಅವರ ಸಂಖ್ಯೆ ಅರುವತ್ತು ಸಾವಿರವೆಂದು ಕೆಲವರು, ಅದಕ್ಕಿಂತ ಕಡಿಮೆಯೆಂದು ಕೆಲವರು ಬರೆದಿದ್ದಾರೆ. ಎಷ್ಟೋ ಜನ ದಾರಿಯಲ್ಲೇ ಮಡಿದರು. ಉಳಿದವರಲ್ಲಿ ಬಹುಮಂದಿಯ ಹೆಸರು, ಮತ ಎರಡೂ ಬಲವಂತದಿಂದ ಬದಲಾದವು. ಹದಿನೈದು ವರ್ಷಗಳ ಬಳಿಕ, 1799ರ ಮೇ 4ರಂದು ಶ್ರೀರಂಗಪಟ್ಟಣ ಪತನಗೊಂಡಾಗ ಸೆರೆಯ ಬಾಗಿಲು ತೆರೆಯಿತು.

ಇಲ್ಲಿ ನಾವು ಒಂದು ಕಹಿಮಾತನ್ನು ಕೇಳಬೇಕಾಗಿದೆ. ಆಗ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಒಂದುಗೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದುಬಾಯ್, 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಅಷ್ಟು ಸಾವಿರ ಜನರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಡುವ ಧೈರ್ಯ ಒಬ್ಬನಿಗೂ ಇರಲಿಲ್ಲವೆಂದು ಖಂಡಿಸಿದ್ದಾರೆ. ನಮ್ಮ ಹಿರಿಯರಿಂದ ಬಂದ ನೆನಪುಗಳು ಈ ತೀರ್ಪನ್ನು ಒಪ್ಪುವುದಿಲ್ಲ, ನಾವೂ ಒಪ್ಪುವುದಿಲ್ಲ. ಆದರೂ ಅನೇಕರು ಅಳುಕಿದರೆಂಬುದನ್ನು ಮುಚ್ಚಿಡುವ ಅಗತ್ಯವೇನು? ಅಂಗಳದ ಬೆಂಕಿಯ ಬಳಿ ಪೇತ್ರನೂ ಮೂರು ಸಲ ಅಳುಕಿದನಲ್ಲವೆ?

ಅದೇ ದುಬಾಯ್ ಗುರುಗಳು ಮುಂದುವರಿದು, ಸುಮಾರು 2,000 ಮಂದಿ ತಮ್ಮ ಸಂಪರ್ಕಕ್ಕೆ ಬಂದರೆಂದೂ, ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಹಿಂದಿರುಗಿ ತಮ್ಮ ಆರಾಧನಾಲಯಗಳನ್ನು ಮತ್ತೆ ಕಟ್ಟಿದರೆಂದೂ ಬರೆಯುತ್ತಾರೆ. ಹೊರಗೆ ಮತ ಬಿಟ್ಟಿದ್ದರೂ ಎದೆಯೊಳಗೆ ಕ್ರಿಸ್ತನನ್ನು ಉಳಿಸಿಕೊಂಡಿದ್ದೆವೆಂದು ಅವರು ಹೇಳಿಕೊಂಡರಂತೆ. ಅವರು ಬಂದುದು ವೀರರಾಗಿ ಅಲ್ಲ. ಬರಿಗೈಯಲ್ಲಿ, ಬದಲಾದ ಹೆಸರಿನಲ್ಲಿ, ನಾಚಿಕೆಯ ಹೊರೆಯೊಡನೆ. ಧರ್ಮಸಭೆ ಅವರನ್ನು ಹೊಸ್ತಿಲ ಹೊರಗೆ ನಿಲ್ಲಿಸಲಿಲ್ಲ. ದುಂದುಗಾರ ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬಂದು ಅಪ್ಪಿಕೊಂಡ ಕಥೆ ನಮ್ಮ ನಾಡಿನಲ್ಲಿಯೇ ಮತ್ತೊಮ್ಮೆ ನಡೆಯಿತು.

ಇದರಿಂದ ಪಾಪ ಪಾಪವಲ್ಲವೆಂದಾಗಲಿಲ್ಲ. ಪ್ರೀತಿ ಮೊದಲು, ತಿದ್ದುಗೆ ಅನಂತರ ಎಂದಷ್ಟೇ ಅರ್ಥ. ಪುನರುತ್ಥಾನಗೊಂಡ ಪ್ರಭು ಸರೋವರದ ದಡದಲ್ಲಿ ಪೇತ್ರನಿಂದ ವಿವರಣೆ ಕೇಳಲಿಲ್ಲ. ನನ್ನ ಮೇಲೆ ಪ್ರೀತಿಯುಂಟೆ ಎಂದಷ್ಟೇ ಕೇಳಿ, ತನ್ನ ಕುರಿಗಳನ್ನು ಅವನಿಗೆ ಒಪ್ಪಿಸಿದನು.

ಹಳೆಯ ನೋವನ್ನು ನೆನೆಯುವುದು ನೆರೆಯ ಮುಸಲ್ಮಾನ ಬಂಧುಗಳ ಮೇಲೆ ಹಗೆ ಸಾಧಿಸುವುದಕ್ಕಲ್ಲ; ನಾವು ಯಾರೆಂಬುದನ್ನು ಅರಿಯುವುದಕ್ಕೆ. ನಾವು ಬಲಿಷ್ಠರ ಸಂತಾನವೆಂದು ಬೀಗುವುದಕ್ಕಿಂತ ಕ್ಷಮೆ ಹೊಂದಿದವರ ಸಂತಾನವೆಂದು ತಲೆಬಾಗುವುದು ಲೇಸು. ಇಂದಿಗೂ ಪೂಜೆಯ ವೇಳೆ ಬಾಗಿಲ ಬಳಿಯೇ ನಿಂತು ಹಿಂದಿರುಗುವವರಿದ್ದಾರೆ: ಕುಡಿತಕ್ಕೆ ಸೋತವರು, ಸಂಸಾರ ಮುರಿದವರು, ಪಾಪನಿವೇದನೆಗೆ ಬಾರದೆ ವರುಷಗಳಾದವರು. ಅವರನ್ನು ಕಂಡು ಪಿಸುಗುಟ್ಟುವ ನಾವು, ನಮ್ಮ ಅಜ್ಜನ ಅಜ್ಜನೂ ಒಮ್ಮೆ ಹಾಗೆಯೇ ಬಾಗಿಲ ಬಳಿ ನಿಂತಿದ್ದಿರಬಹುದೆಂಬುದನ್ನು ನೆನೆಯೋಣ. ಅಂದು ಯಾರೋ ಕೈಹಿಡಿದು ಒಳಗೆ ಕರೆದುದರಿಂದಲೇ ಇಂದು ನಾವು ಒಳಗಿದ್ದೇವೆ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಇಗರ್ಜಿಯ ಬಾಗಿಲು ಅಂತಹವರಿಗಾಗಿ ಸದಾ ತೆರೆದಿರಲೆಂದು ಪ್ರಾರ್ಥಿಸುತ್ತೇವೆ.